ತೊಂಬತ್ತೊಂಬತ್ತಕ್ಕೆ ಬಗ್ಗುವ ಕಡಸು

ನಮ್ಮ ಸೋದರತ್ತೆಗೆ ಯಾವ ಸಂಖ್ಯೆಯೂ ನೆನಪಿರುವುದಿಲ್ಲ, ಅದರ ಗುಣ ಮಾತ್ರ ನೆನಪಿರುತ್ತದೆ! ಶಾಂತಿಗ್ರಾಮದ ಅವಳ ಕೊಟ್ಟಿಗೆಯಲ್ಲಿ ನಾಲ್ಕು ರಾಸು. ಒಂದೊಂದರ ಕಿವಿಗೂ ಸರ್ಕಾರ ಹೊಡೆದ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಹನ್ನೆರಡಂಕಿಯ ನಂಬರು. ದಿನಾ ಹಾಲು ಕರೆಯುವಾಗ ಅಷ್ಟುದ್ದದ ಸಂಖ್ಯೆ ಕಣ್ಣೆದುರು ಅಲ್ಲಾಡುತ್ತಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ? ನೀವು ಇರುತ್ತೀರಿ, ನಾನು ಇರುತ್ತೇನೆ. ಅತ್ತೆ ಭಾಗಿಸುತ್ತಾಳೆ.

ಕರಿ ಹಸುವಿನ ನಂಬರನ್ನು ಭಾಗಿಸಲು ಹಿಡಿದ ಮೇಲೆ ಅದು ಎರಡು ಕರು ಹಾಕಿತು, ಲೆಕ್ಕ ಇನ್ನೂ ಮುಗಿದಿಲ್ಲ. "ಯಾವ ಮಗ್ಗಿಗೂ ಬಗ್ಗಾಕಿಲ್ಲ ಕಣ್ಲಾ. ಅವಿಭಾಜ್ಯನೇ ಇರ್ಬೇಕು," ಎನ್ನುವಾಗ ಅವಳ ಮುಖದಲ್ಲಿ ಮಗಳು ರ‍್ಯಾಂಕ್ ಬಂದ ಕಳೆ. ಒಮ್ಮೆ ನನ್ನ ಆಧಾರ್ ಕಾರ್ಡನ್ನು ಇಸಿದುಕೊಂಡು ನೋಡಿ, "ಎರಡ್ರಿಂದ ಓಯ್ತದೆ, ಮೂರ್ರಿಂದ ಓಯ್ತದೆ, ಐದ್ರಿಂದ್ಲೂ ಓಯ್ತದೆ. ನಿನ್ನ ಯಾರ್ ಬೇಕಾದ್ರೂ ಒಡೀಬೋದಲ್ಲೋ," ಅಂದಳು.

"ಅದಕ್ಕೆ ಕಾರ್ಡ್ ಯಾಕೆ ನೋಡ್ಬೇಕಿತ್ತು?" ಎಂದಳು ನನ್ನ ಹೆಂಡತಿ. ನಾನು ಒಂದು ವಾರ ಬಿಪಿ ಪರೀಕ್ಷೆ ಮಾಡಿಸಿಕೊಂಡೆ.

ಕಳೆದ ತಿಂಗಳು ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ತಬ್ಬಲಿ ಕಡಸು ಕಾಣೆಯಾಯಿತು. ಅತ್ತೆಗೆ ಅನ್ನ ಸೇರದಾಯಿತು. ಇಪ್ಪತ್ತು ದಿನದ ಮೇಲೆ ಹಳೇಕೋಟೆಯ ಒಬ್ಬ ರೈತನ ಕೊಟ್ಟಿಗೆಯಲ್ಲಿ ಅದು ಸಿಕ್ಕಿತು. ಆತ ಸಂತೆಯಲ್ಲಿ ಕೊಂಡವನು, ನ್ಯಾಯವಂತನೇ. ಅತ್ತೆಯನ್ನು ಕಂಡದ್ದೇ ಕಡಸು ಕೂಗಿತು. ಅದು ಸಾಕ್ಷಿಯಲ್ಲವಂತೆ. "ನಿಂದೇ ಅಂತ ತೋರ್ಸವ್ವ, ಈಗ್ಲೇ ಒಡ್ಕೊಂಡೋಗು," ಅಂದ.

ತೋರಿಸುವುದೇನನ್ನು? ಬಿಲ್ಲೆಯ ನಡುವಿನ ಎರಡಂಕಿ ಬೇಲಿಗೆ ಉಜ್ಜಿ ಅಳಿಸಿಹೋಗಿದ್ದವು. ನಂಬರು ಬರೆದಿದ್ದ ಚೀಟಿಯನ್ನು ಆ ಕಡಸೇ ಹಿಂದೆಂದೋ ತಿಂದುಹಾಕಿತ್ತು.

"ಪೂರಾ ನಂಬರ್ ಒತ್ತದೆ ಫೋನ್‌ನಲ್ಲಿ ಮಾಲೀಕರ ಹೆಸರು ಬರಲ್ಲ ಸರ್," ಎಂದರು ನಮ್ಮ ಜೊತೆಗೆ ಬಂದಿದ್ದ ಪಶುವೈದ್ಯರು. ನಾನು ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದೆ, ಆ ಎರಡಂಕಿ ಕಾಣಲಿಲ್ಲ.

ಅತ್ತೆ ಕಣ್ಣು ಮುಚ್ಚಿದಳು. "ಇದರದ್ದು ಒಂಬತ್ತಕ್ಕೂ ಬಗ್ತಿತ್ತು, ಅನ್ನೊಂದಕ್ಕೂ ಬಗ್ತಿತ್ತು. ಅಂದ್ರೆ ತೊಂಬತ್ತೊಂಬತ್ತಕ್ಕೆ. ಜೋಡಿಗಳ್ನ ಕೂಡಿದ್ರೂ ಅದೇ ಮಗ್ಗೀಲಿ ಬರ್ಬೇಕು. ಎರಡೆರಡಾಗಿ ಓದ್ಲಾ."

ಓದಿದೆ: ನಲವತ್ತೆರಡು, ಸೊನ್ನೆ ಸೊನ್ನೆ, ಮೂವತ್ತೆಂಟು, ಅಳಿಸಿದ ಜೋಡಿ, ಹದಿನಾರು, ಐವತ್ತೇಳು.

"ಇರೋದ್ನೆಲ್ಲ ಕೂಡಿದ್ರೆ ನೂರೈವತ್ಮೂರು. ತೊಂಬತ್ತೊಂಬತ್ತರ ಮಗ್ಗೀಲಿ ಮುಂದ್ಲದ್ದು ನೂರತೊಂಬತ್ತೆಂಟು. ಕಮ್ಮಿ ಬಿದ್ದಿರೋದು ನಲವತ್ತೈದು. ಒತ್ತಿ ಡಾಕ್ಟ್ರೇ."

ಒತ್ತಿದರು. ಅತ್ತೆಯ ಹೆಸರು ಬಂತು, ಊರಿನ ಸಮೇತ. ರೈತ ಹಗ್ಗ ಬಿಚ್ಚಿ ಅವಳ ಕೈಗಿಟ್ಟ.

"ಎಲ್ಲಿ ಓದಿದ್ದು ಸರ್ ಇವರು?" ವೈದ್ಯರು ಮೆಲ್ಲಗೆ ಕೇಳಿದರು.

"ಏಳನೇ ಕ್ಲಾಸು," ಎಂದೆ, ಎದೆಯುಬ್ಬಿಸಿ. ಉಳಿದದ್ದನ್ನೂ ಹೇಳಬೇಕೆನಿಸಿತು. "ಮನೇಲಿ ಒಬ್ಬರನ್ನ ಮಾತ್ರ ಓದಿಸೋಕೆ ಆಗ್ತಿದ್ದದ್ದು. ನಮ್ಮಪ್ಪನ್ನ ಓದಿಸಿದ್ರು."

ಅತ್ತೆಗೆ ಅದು ಕೇಳಿಸಲಿಲ್ಲ. ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಕಡಸಿನ ಕಿವಿಯನ್ನು ಅಂಗೈಯಲ್ಲಿಟ್ಟುಕೊಂಡು, ಅಳಿಸಿದ ಜಾಗದಲ್ಲಿ ನಲವತ್ತೈದು ಬರೆಯುತ್ತಿದ್ದಳು, ನಾಲಿಗೆಯ ತುದಿ ಕಚ್ಚಿ, ಶಾಲೆಯ ಹುಡುಗಿಯ ದುಂಡು ಅಂಕಿಗಳಲ್ಲಿ.