ಹೊಸ ನಂಬರ್, ಹಳೆ ಅಳತೆ

ಕಂಪ್ಯೂಟರ್ ಬರುವ ಮೊದಲು ನಮ್ಮ ಅಂಗಡಿಯಲ್ಲಿ ತಪ್ಪುಗಳು ಒಂದೊಂದಾಗಿ ಆಗುತ್ತಿದ್ದವು. ಈಗ ಒಟ್ಟಿಗೆ ಆಗುತ್ತವೆ.

ಅಂಗಡಿ ಅಂದರೆ ಕಟಪಾಡಿಯಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುವ ಅಂಗಡಿ. ಧಣಿ, ಕಟ್ಟಿಂಗ್ ಮಾಸ್ಟರ್, ಹೊಲಿಯುವ ಹೆಂಗಸರು, ಮತ್ತೆ ಕಂಪ್ಯೂಟರಿನ ಎದುರು ನಾನು. ಹತ್ತನೇ ಕ್ಲಾಸಿಗೆ ಓದು ಬಿಟ್ಟವಳು ಕಂಪ್ಯೂಟರಿನ ಎದುರು ಕೂತದ್ದು ನನ್ನ ಅತ್ತೆಗೆ ಇನ್ನೂ ಅರಗಿಲ್ಲ. ಅವರು ಜೀವಮಾನವಿಡೀ ಬೀಡಿ ಕಟ್ಟಿದವರು. "ಅದೆಲ್ಲ ಎಷ್ಟು ದಿನ? ಎಲೆ ಇಟ್ಟುಕೊಳ್ಳಲಿಕ್ಕೆ ಇನ್ನೊಂದು ಗೆರಸೆ ತೆಗೆದಿಟ್ಟಿದ್ದೇನೆ, ನಿನಗೇ" ಅನ್ನುತ್ತಾರೆ. ಕಾಪು ಕಡೆಯ ಒಂದು ದೊಡ್ಡ ಶಾಲೆಯ ಅಂಗಿಗಳೆಲ್ಲ ನಮ್ಮಲ್ಲೇ ಆಗುವುದು. ಆ ಆರ್ಡರ್ ಇರುವ ತನಕ ನನಗೆ ಕುರ್ಚಿ. ಅದು ಹೋದರೆ ಗೆರಸೆ.

ದೊಡ್ಡವನು ಯಾರು?

ನಮ್ಮ ಕಂಪ್ಯೂಟರಿನಲ್ಲಿ ಒಂದು ಮಗುವಿಗೆ ಒಂದು ಸಾಲು. ಹೆಸರು, ಕ್ಲಾಸು, ಎದೆ, ಭುಜ, ತೋಳು. ಸಾಲಿನ ತಲೆಯಲ್ಲಿ ಒಂದು ನಂಬರ್. ಅದನ್ನು ನಾವು ಬರೆಯುವುದಲ್ಲ, ಕಂಪ್ಯೂಟರೇ ಕೊಡುವುದು. ಅದನ್ನೇ ಚೀಟಿಯಲ್ಲಿ ಬರೆದು ಕಾಲರಿನ ಒಳಗೆ ಹೊಲಿಯುತ್ತೇವೆ.

ಒಂದು ದಿನ ಅವಳಿ ಹುಡುಗರನ್ನು ಕರೆದುಕೊಂಡು ಒಬ್ಬಾಕೆ ಬಂದಳು. ಇಬ್ಬರದ್ದೂ ಒಂದೇ ಅಳತೆ. ಎರಡು ಸಲ ಯಾಕೆ ಬರೆಯುವುದು ಅಂತ ಒಬ್ಬನ ಸಾಲಿನ ಮೇಲೆ ಕಾಪಿ ಒತ್ತಿ ಹೆಸರು ಬದಲಿಸಿದೆ. ನೋಡುತ್ತೇನೆ, ಎಲ್ಲ ಹಾಗೇ ಬಂದಿದೆ, ನಂಬರ್ ಮಾತ್ರ ಹೊಸದು! ಯಾಕೆ ಹೀಗೆ ಅಂತ ತಿಳಿಯದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಪ್ರೋಗ್ರಾಂ ಮಾಡಿಕೊಟ್ಟ ಮಣಿಪಾಲದ ಯುವಕನಿಗೆ ಫೋನ್ ಮಾಡಿದೆ.

"ಅಕ್ಕ, ಅದಕ್ಕೆ ಪ್ರೈಮರಿ ಕೀ ಅಂತ ಹೇಳುವುದು. ಇಬ್ಬರಿಗೆ ಒಂದೇ ನಂಬರ್ ಇದ್ದರೆ ಯಾರು ಯಾರು ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ?" ಅಂದ.

ಸರಿ ಅಂತ ಇಬ್ಬರಿಗೂ ನಂಬರ್ ಬರೆದ ರಶೀದಿ ಕೊಟ್ಟೆ. ಅವಳಿಗಳು ನಂಬರ್ ನೋಡಿದವರೇ ಜಗಳ ಶುರು ಮಾಡಿದರು. ಮೊದಲು ಬರೆಸಿಕೊಂಡವನು ಸಣ್ಣವನಂತೆ. "ಹೊಟ್ಟೆಯಿಂದ ಮೊದಲು ಬಂದವ ನಾನು, ಅವನ ನಂಬರ್ ನನಗೆ ಕೊಡಿ" ಅಂತ ದೊಡ್ಡವನು ನೆಲಕ್ಕೆ ಕಾಲು ಬಡಿದ.

ತಾಯಿ ನನ್ನ ಕಿವಿಯಲ್ಲಿ ಹೇಳಿದಳು, "ಬದಲಿಸಬೇಡ ಮಾರಾಯ್ತಿ. ನಿಜ ಹೇಳಬೇಕೆಂದರೆ ನಮಗೇ ಸರಿ ನೆನಪಿಲ್ಲ."

ಖಾಲಿ ಖಾನೆ

ಇನ್ನೊಮ್ಮೆ ಕೈತಪ್ಪಿ ಒಂದು ಸಾಲು ಹೆಚ್ಚು ಕಾಪಿ ಆಯಿತು. ಅಳಿಸಿದೆ. ಮುಂದಿನ ಮಗುವಿಗೆ ಕಂಪ್ಯೂಟರ್ ಆ ನಂಬರ್ ಬಿಟ್ಟು ಅದರ ಮುಂದಿನದ್ದನ್ನು ಕೊಟ್ಟಿತು.

ಹೊಲಿದ ಅಂಗಿ ಇಡಲು ನಮ್ಮಲ್ಲಿ ನಂಬರ್ ಹಾಕಿದ ಮರದ ಖಾನೆಗಳುಂಟು. ನಡುವೆ ಒಂದು ಖಾಲಿ ಕಂಡದ್ದೇ ಧಣಿ ಬಂದರು. "ಇದು ಎಲ್ಲಿ?"

"ಅಳಿಸಿದೆ."

"ಹಾಗಾದರೆ ಮುಂದೆ ಬಂದವರಿಗೆ ಕೊಡು."

"ಕಂಪ್ಯೂಟರ್ ಕೊಡುವುದಿಲ್ಲ, ಧಣಿಗಳೇ."

ಅವರು ಮಣಿಪಾಲಕ್ಕೆ ಫೋನ್ ಹಚ್ಚಿದರು. ಒಮ್ಮೆ ಕೊಟ್ಟ ನಂಬರ್ ಮತ್ತೆ ಬರುವುದಿಲ್ಲ ಅಂತ ಆ ಯುವಕನೂ ಹೇಳಿದ. "ಅದೆಂತ ಮಾರಾಯ! ಸತ್ತ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತೇವೆ. ಒಂದು ನಂಬರ್ ಇಡಲಿಕ್ಕೆ ಆಗುವುದಿಲ್ವಾ?" ಅಂತ ಧಣಿ ರೇಗಿದರು.

ಆಗಲಿಲ್ಲ. ಖಾಲಿ ಖಾನೆ ನೋಡಿ ನೋಡಿ ಧಣಿಗೆ ನಿದ್ರೆ ಕೆಟ್ಟಿತು. ಕೊನೆಗೆ ಅವರೇ ದಾರಿ ಹುಡುಕಿದರು. ಈಗ ಆ ನಂಬರಿನ ಖಾನೆಯಲ್ಲಿ ಅವರ ಮಧ್ಯಾಹ್ನದ ಬುತ್ತಿ ಉಂಟು.

ತಮ್ಮನನ್ನು ಮಾಡಿದ್ದು ಹೇಗೆ?

ಇದನ್ನೆಲ್ಲ ಮನೆಯಲ್ಲಿ ಹೇಳಿದ್ದು ನನ್ನದೇ ತಪ್ಪು. ನನ್ನ ಮಗಳು ಅದೇ ಶಾಲೆಯಲ್ಲಿ ಓದುವುದು, ಅವಳ ತಮ್ಮ ಒಂದು ಕ್ಲಾಸು ಕೆಳಗೆ. ಊಟಕ್ಕೆ ಕೂತವಳು ಕೇಳಿದಳು, "ಅಮ್ಮ, ನನ್ನನ್ನು ಕಾಪಿ ಮಾಡಿ ತಮ್ಮನನ್ನು ಮಾಡಿದ್ದಾ?"

"ಹೌದು."

"ಮತ್ತೆ ಬುದ್ಧಿ ಯಾಕೆ ಕಾಪಿ ಆಗಲಿಲ್ಲ?"

ಗಂಡ ಕಿಸಕ್ಕನೆ ನಕ್ಕರು. "ಆ ಜಾಗ ಖಾಲಿ ಬಂದಿತ್ತು ಮಗಾ," ಅಂದೆ, "ಅಪ್ಪನದ್ದನ್ನು ತುಂಬಿಸಿದೆ."

ಬೆಳೆಯದ ಮಕ್ಕಳು

ಪ್ರತಿ ವರ್ಷ ಬೇಸಿಗೆ ರಜೆಗೆ ಮುಂಚೆ ಟೇಪು ಹಿಡಿದು ಶಾಲೆಗೆ ಹೋಗಿ ಎಲ್ಲ ಮಕ್ಕಳ ಅಳತೆ ತೆಗೆಯುವುದು ನಮ್ಮ ಕ್ರಮ. ಈ ಸಲ ನಾನು ಪೆರ್ಡೂರಿನ ತವರಿಗೆ ಹೋದವಳು ರಜೆ ಮುಗಿಯುತ್ತ ಬರುವ ತನಕ ಅಲ್ಲೇ ಇದ್ದೆ. ಧಣಿಗೆ ಒಂದು ಯೋಚನೆ ಬಂತು. ಮಕ್ಕಳು ಅವರೇ, ಶಾಲೆ ಅದೇ. ಮತ್ತೆ ಹೋಗುವುದೆಂತಕ್ಕೆ? ಶಾಲೆ ಬಿಟ್ಟ ಹತ್ತನೆಯವರದ್ದು ಬಿಟ್ಟು ಕಳೆದ ವರ್ಷದ ಸಾಲುಗಳನ್ನೆಲ್ಲ ಒಟ್ಟಿಗೆ ಕಾಪಿ ಮಾಡಿದರು, ಕ್ಲಾಸು ಒಂದೊಂದು ಮೇಲೆ ಹಾಕಿದರು. ಎಲ್ಲರಿಗೂ ಹೊಸ ನಂಬರ್ ಬಂತು. ಕತ್ತರಿಸಿ, ಹೊಲಿದು, ಚೀಟಿ ಹಾಕಿಯೂ ಆಯಿತು.

ನಾನು ಬಂದವಳು ಮಗಳ ಅಂಗಿ ಮನೆಗೆ ತಂದು ಹಾಕಿಸಿದೆ. ಗುಂಡಿಗೂ ಕಾಜಕ್ಕೂ ಭೇಟಿಯೇ ಇಲ್ಲ. ಮಗಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಅತ್ತೆ ಒಳಗಿನಿಂದ ಕೇಳಿದರು, "ನಾಳೆಗೆ ಬೀಡಿ ಎಲೆ ಸ್ವಲ್ಪ ಹೆಚ್ಚು ನೆನೆಸಲಾ?"

ಬೆಳಿಗ್ಗೆ ಧಣಿಗೆ ಹೇಳಿದರೆ ನಂಬಲಿಲ್ಲ. "ಕಂಪ್ಯೂಟರ್ ನೋಡು. ಅಳತೆ ಎಲ್ಲ ಕರೆಕ್ಟ್ ಉಂಟು."

"ಕರೆಕ್ಟೇ, ಧಣಿಗಳೇ. ಕಳೆದ ವರ್ಷಕ್ಕೆ."

ಮತ್ತೆ ಮಣಿಪಾಲಕ್ಕೆ ಫೋನ್. "ಎಲ್ಲರಿಗೂ ಹೊಸ ನಂಬರ್ ಕೊಟ್ಟದ್ದು ಹೌದಲ್ವಾ? ಮತ್ತೆ ಅಳತೆ ಯಾಕೆ ಹಳತು?"

"ಸಾರ್, ನಮ್ಮ ಪ್ರೋಗ್ರಾಂ ಮಕ್ಕಳನ್ನು ಬೆಳೆಸುವುದಿಲ್ಲ," ಅಂದ ಅವನು.

ಶಾಲೆ ತೆರೆಯಲು ಒಂದೇ ವಾರ. ಎಲ್ಲರಿಗೂ ಮತ್ತೆ ಹೊಲಿಯುವಷ್ಟು ಬಟ್ಟೆ ಉಳಿದಿರಲಿಲ್ಲ. ಆರ್ಡರ್ ಬೇರೆಯವರಿಗೆ ಹೋಯಿತೆಂದೇ ಧಣಿ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಗೆರಸೆಯ ಧ್ಯಾನ ಮಾಡುತ್ತಾ ಮನೆಗೆ ಬಂದೆ. ಬಂದರೆ ಮಗ ಅಕ್ಕನ ಹೊಸ ಅಂಗಿ ಹಾಕಿಕೊಂಡು ಕುಣಿಯುತ್ತಿದ್ದಾನೆ. ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತೆ. ಅವನಿಗೇ ಹೊಲಿದ ಹಾಗೆ ಕೂತಿತ್ತು!

ಆ ಶಾಲೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೇ ತರದ ಅಂಗಿ. ಓಡಿ ಹೋಗಿ ಹೇಳಿದೆ, "ಧಣಿಗಳೇ, ಎಲ್ಲ ಅಂಗಿಗಳನ್ನು ಒಂದು ಕ್ಲಾಸು ಕೆಳಗೆ ಇಳಿಸುವ. ಎರಡನೆಯವರದ್ದು ಹೊಸದಾಗಿ ಸೇರುವ ಒಂದನೆಯವರಿಗೆ, ಮೂರರದ್ದು ಎರಡಕ್ಕೆ. ಹತ್ತನೆಯವರಿಗೆ ಮಾತ್ರ ಹೊಸದು ಹೊಲಿದರಾಯಿತು." ಕಟ್ಟಿಂಗ್ ಮಾಸ್ಟರ್ ನಾಲ್ಕಾರು ಅಂಗಿ ಹಿಡಿದು ನೋಡಿ, "ಸ್ವಲ್ಪ ಅಲ್ಲಿ ಇಲ್ಲಿ ಬಿಚ್ಚಿ ಸರಿ ಮಾಡುವ, ಆಗುತ್ತದೆ," ಅಂದರು.

ಆದರೆ ಕಾಲರಿನೊಳಗಿನ ಚೀಟಿಗಳು? ಅಷ್ಟನ್ನೂ ಬಟ್ಟೆಗೆ ತಾಗದ ಹಾಗೆ ಕತ್ತರಿಸಿ ತೆಗೆಯಬೇಕು. ಬೇರೆ ಗತಿಯಿಲ್ಲದೆ ಅತ್ತೆಯನ್ನೇ ಕರೆದುಕೊಂಡು ಬಂದೆ. ಅವರು ಬೀಡಿ ಎಲೆಯ ಕತ್ತರಿ ಹಿಡಿದು ಅಂಗಡಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಕೈ ಓಡಿದ ಹಾಗೇ ಬಾಯಿಯೂ ಓಡಿತು. ಮಾಸ್ಟರ್ ಹಿಡಿದ ಕತ್ತರಿ ಸರಿಯಿಲ್ಲ, ಧಣಿ ತರಿಸಿದ ಚಹಾ ಸರಿಯಿಲ್ಲ, ಸೊಸೆಯಂತೂ ಮೊದಲಿನಿಂದಲೂ ಸರಿಯಿಲ್ಲ.

ಶಾಲೆ ತೆರೆಯುವ ಹಿಂದಿನ ದಿನ ಅಂಗಿಗಳು ಹೋದವು. ಆರ್ಡರ್ ಉಳಿಯಿತು, ನನ್ನ ಕುರ್ಚಿಯೂ.

ಧಣಿಗೆ ಅತ್ತೆಯ ಕೈಯ ವೇಗ ನೋಡಿ ಬೆರಗು. "ಇಂಥವರು ಇನ್ನೊಬ್ಬರು ಇದ್ದಿದ್ದರೆ! ನಿನ್ನ ಕಂಪ್ಯೂಟರಿನಲ್ಲಿ ಇವರದ್ದೊಂದು ಕಾಪಿ ತೆಗೆಯಲಿಕ್ಕೆ ಆಗುತ್ತದಾ?"

"ಬೇಡ ಧಣಿಗಳೇ," ಅಂದೆ. "ಹೊಸದಾಗುವುದು ನಂಬರ್ ಮಾತ್ರ. ಬಾಕಿ ಎಲ್ಲ ಹಾಗೇ ಬರುತ್ತದೆ."