ಕಾಲುವೆಯ ಕೊನೆಯಲ್ಲೊಂದು ಮೋಡೆಮ್

ಒಂದೇ ತಂತಿಯನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ಜಗಳ ಹುಡುಕಿಕೊಂಡು ಹೊರಗೆ ಹೋಗಬೇಕಿಲ್ಲ. ಚಿತ್ತವಾಡ್ಗಿಯ ನಮ್ಮ ಮನೆಗೆ ಅದು ಕೇಬಲ್ಲಿನ ಜೊತೆಗೇ ಬಂತು.

ಕಂಬದಿಂದ ಇಳಿದ ಕೇಬಲ್ ಒಂದೇ. ಪಡಸಾಲೆಯಲ್ಲಿ ನನ್ನ ಟಿವಿ, ಕೋಣೆಯಲ್ಲಿ ಅವ್ವನ ಟಿವಿ, ಮಾಳಿಗೆಯ ಮೇಲೆ ಬೀಗರು ಬಂದರೆ ನೋಡಲಿ ಎಂದು ಇಟ್ಟ ಟಿವಿ, ಎಲ್ಲಕ್ಕೂ ಹಿಂದೆ ಹೆಂಡತಿಯ ಇಂಟರ್ನೆಟ್ ಮೋಡೆಮ್. ಅದನ್ನೇ ನಂಬಿಕೊಂಡು ಆಕೆ ಆನ್‌ಲೈನಿನಲ್ಲಿ ಬ್ಲೌಸ್ ಹೊಲಿಯುವ ಕ್ಲಾಸು ನಡೆಸುತ್ತಾಳೆ. ನಾನು ಕಂಪ್ಲಿ, ಎಮ್ಮಿಗನೂರು ಕಡೆ ಕಾಲುವೆಯ ಕೊನೆಯ ರೈತರಿಗೆ ನೀರು ಬಿಡಿ ಎಂದು ಧರಣಿ ನಡೆಸುತ್ತೇನೆ. ಮನೆ ನಡೆಯುವುದು ಆಕೆಯ ಕ್ಲಾಸಿನಿಂದ.

೧. ಕತ್ತರಿ

ಒಂದು ದಿನ ಆಕೆ ಬಟ್ಟೆ ಹರಡಿ, "ಎಲ್ಲಿ ಕತ್ತರಿಸಬೇಕು ನೋಡ್ರಿ" ಎಂದು ಕತ್ತರಿಯನ್ನು ತೋಳಿನ ಕಡೆ ಒಯ್ದಳು. ದಾರಿಯಲ್ಲೇ, ಕುತ್ತಿಗೆಯ ಹತ್ತಿರ, ಚಿತ್ರ ನಿಂತುಬಿಟ್ಟಿತು. ಮೇಡಂ ಇಷ್ಟು ಹೊತ್ತು ಹಿಡಿದು ತೋರಿಸುತ್ತಿದ್ದಾರೆಂದರೆ ಇದೇ ಜಾಗ ಎಂದುಕೊಂಡ ಸಂಡೂರಿನ ಶಿಷ್ಯೆ, ತಂಗಿಯ ನಿಶ್ಚಿತಾರ್ಥದ ರೇಷ್ಮೆಗೆ ಅಲ್ಲೇ ಕತ್ತರಿ ಹಾಕಿ, ಚಿತ್ರ ಅಲುಗುವ ತನಕ ಕತ್ತರಿಸುತ್ತಲೇ ಹೋದಳು.

ಆಮೇಲೆ ಫೋನು. "ಮೇಡಂ, ಕುತ್ತಿಗಿ ಸೊಂಟದ ತನಕ ಇಳದೈತ್ರಿ. ಇನ್ನೊಮ್ಮೆ ಹಿಂಗಾದ್ರ ನಾವೆಲ್ಲಾ ಬ್ಯಾರೆ ಕ್ಲಾಸಿಗೆ ಹೋಗ್ತೀವಿ. ಈ ಸಲ ಹೋಗ್ಲಿ ಬಿಡ್ರಿ, ತಂಗಿ ಇದನ್ನ ಕೋಟು ಅಂತ ಹಾಕ್ಕೊಂತಾಳಂತ."

೨. ಕುರ್ಚಿ

ನನ್ನ ರಕ್ತ ಕುದಿಯಿತು. ದುಡ್ಡು ಪೂರ್ತಿ ತಗೊಂಡು ಸಿಗ್ನಲ್ ಅರ್ಧ ಕೊಡುವ ಕಳ್ಳರು! ಕೇಬಲ್ ಆಫೀಸಿಗೆ ಹೋಗಿ ಒಬ್ಬನೇ ಘೋಷಣೆ ಕೂಗಿದೆ: "ಸಿಗ್ನಲ್ ಕೊಡಿ, ಇಲ್ಲ ಕುರ್ಚಿ ಬಿಡಿ!"

ಕೇಬಲಿನವನು ತಟ್ಟನೆ ಎದ್ದ. "ತಗೊಳ್ರಿ ಅಣ್ಣ, ಕುಂದ್ರಿ. ಚಾ ಹೇಳ್ಲಾ?"

ಮನೆಗೆ ಬಂದು ಕಂಬದಲ್ಲಿ ಮೀಟರ್ ಹಿಡಿದ. ಸಿಗ್ನಲ್ ಮಸ್ತ್ ಇತ್ತು. ಒಳಗೆ ಗೋಡೆಯಲ್ಲಿದ್ದ ಮೂರು ತಗಡಿನ ಡಬ್ಬಿ ತೋರಿಸಿದ. "ಇವು ಸ್ಪ್ಲಿಟರ್ ಅಣ್ಣ. ಒಂದು ತಂತಿ ಒಳಗ, ಎರಡು ಹೊರಗ. ಒಂದೊಂದೂ ಅರ್ಧರ್ಧ ಮಾಡ್ತೈತಿ. ಮೂರನೇದು ದಾಟೋದ್ರಾಗ ಮೋಡೆಮ್ಮಿಗೆ ಉಳಿಯೋದು ಸಿಗ್ನಲ್ಲಿನ ವಾಸನಿ ಅಷ್ಟ. ಒಂದು ಟಿವಿ ಕಿತ್ತುಬಿಡ್ರಿ."

"ಯಾರ ಪಾಲೂ ಕಿತ್ತುಕೊಳ್ಳೋದು ನನ್ನ ಸಿದ್ಧಾಂತ ಅಲ್ಲ!"

"ಹಂಗಾರ ಅಕ್ಕಾರಿಗೆ ವಾಸನಿಯಾಗ ಕ್ಲಾಸ್ ನಡಸಾಕ ಹೇಳ್ರಿ."

೩. ತ್ಯಾಗ

ಸೊಸೆಯ ಸಂಕಟ ನೋಡಲಾರದೆ ಅವ್ವ ಮರುದಿನ ಕ್ಲಾಸಿನ ಹೊತ್ತಿಗೆ ತಾನೇ ಟಿವಿ ಬಂದ್ ಮಾಡಿದಳು. ಅದೂ ಎಂಥ ಹೊತ್ತಿನಲ್ಲಿ! ಧಾರಾವಾಹಿಯಲ್ಲಿ ಸತ್ತನೆಂದು ಎಲ್ಲರೂ ನಂಬಿದ್ದ ಗಂಡ ಬಾಗಿಲು ಬಡಿಯುತ್ತಿದ್ದ. ಆದರೂ ಕ್ಲಾಸು ಮತ್ತೆ ನಿಂತಿತು.

"ಅತ್ತಿ, ನೀವು ಟಿವಿ ಬಂದ್ ಮಾಡಿದ್ದು ಆ ಡಬ್ಬಿಗೆ ತಿಳಿಯಂಗಿಲ್ಲ. ಅದು ನಿಮ್ಮ ಪಾಲು ನಿಮಗ ಕಳಸ್ತಾನ ಇರ್ತೈತಿ" ಎಂದಳು ಹೆಂಡತಿ.

ಅವ್ವ ನನ್ನ ಕಡೆ ತಿರುಗಿದಳು. "ಲೇ, ಬಾಗಿಲಾ ತಗದ್ಲೋ ಇಲ್ಲೋ, ಕೇಬಲ್ ಆಫೀಸಿಗೆ ಹೋಗಿ ಕೇಳ್ಕೊಂಡು ಬಾ!"

೪. ಧರಣಿ

ಆ ವಾರವೇ ಎಮ್ಮಿಗನೂರಿನ ರೈತನೊಬ್ಬ ನನ್ನನ್ನು ಧರಣಿಗೆ ಕರೆದೊಯ್ಯಲು ಬಂದ. ಅವನ ಹೊಲ ಕಾಲುವೆಯ ಕಟ್ಟಕಡೆಗೆ. ಕಥೆಯೆಲ್ಲ ಕೇಳಿ, ಗೋಡೆಯ ಮೇಲಿನ ತಂತಿಯ ಹಿಂದೆಯೇ ನಡೆಯುತ್ತ ಹೋದ.

"ಅಣ್ಣ, ಇದು ನಮ್ಮ ಕಾಲುವಿನಾ! ಮಾಳಿಗಿ ಮ್ಯಾಲಿನ ಟಿವಿ ಅಂದ್ರ ಬೀಳು ಹೊಲಕ್ಕ ನೀರು ಬಿಟ್ಟಂಗ. ಅಕ್ಕಾರ ಮೋಡೆಮ್ ನನ್ನ ಹೊಲ. ಮೊದಲನೇ ತೂಬು ಯಾರದು?"

ಮೊದಲ ಡಬ್ಬಿಯಿಂದ ತಂತಿ ನೆಟ್ಟಗೆ ನನ್ನ ಟಿವಿಗೆ ಹೋಗಿತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಟಿವಿ ನೋಡಿದೆ.

ಹೆಂಡತಿ ಬಾಗಿಲ ಹಿಂದಿನಿಂದ ನನ್ನದೇ ಫಲಕ ಎಳೆದು ತಂದಳು. ನಾನೇ ಕೆಂಪು ಬಣ್ಣದಲ್ಲಿ ಬರೆದದ್ದು: "ಕೊನೆಯವರಿಗೆ ಮೊದಲು ಕೊಡಿ." ಅದನ್ನು ಹಿಡಿದು ಟಿವಿಗೆ ಅಡ್ಡ ಕುಳಿತಳು. ಅವ್ವ ಪಕ್ಕದಲ್ಲಿ ಕುಳಿತು "ಬೇಕೇ ಬೇಕು!" ಎಂದಳು. "ನ್ಯಾಯ ಬೇಕು!" ಎಂದ ರೈತ. ನನ್ನನ್ನು ಕರೆಯಲು ಬಂದವನು!

ಧರಣಿಯನ್ನು ಎದುರುಗಡೆಯಿಂದ ನೋಡಿದ್ದು ನಾನು ಅದೇ ಮೊದಲು. ಬಾಯಿಂದ ತಾನಾಗಿಯೇ ಬಂತು: "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಹೆಂಡತಿ ಅಲುಗಲಿಲ್ಲ. "ಬಾಯಿಮಾತು ಬ್ಯಾಡ್ರಿ ಸಾಹೇಬ್ರ, ಬರದು ಕೊಡ್ರಿ!"

ಈಗ ಮೊದಲ ಡಬ್ಬಿಯ ಒಂದು ತಂತಿ ನೇರ ಮೋಡೆಮ್ಮಿಗೆ. ಇನ್ನೊಂದರಲ್ಲಿ ಅವ್ವ ಮೊದಲು, ಬೀಗರ ಟಿವಿ ನಡುವೆ, ನಾನು ಕೊನೆ. ಕ್ಲಾಸು ನಿಲ್ಲುವುದಿಲ್ಲ. ನನ್ನ ಟಿವಿಯಲ್ಲಿ ಮಾತ್ರ ನೀರಾವರಿಯವರು ಆಶ್ವಾಸನೆ ಕೊಡಲು ಬಾಯಿ ತೆರೆದವರು ಹಾಗೇ ನಿಂತುಬಿಡುತ್ತಾರೆ. ಕೇಬಲಿನವನಿಗೆ ಹೇಳಿದರೆ, "ಅದು ಸಿಗ್ನಲ್ಲಿನ ತಪ್ಪಲ್ಲ ಬಿಡ್ರಿ ಅಣ್ಣ" ಅನ್ನುತ್ತಾನೆ.