ಮೇಷ್ಟ್ರಿಗೂ ಎತ್ತಿಗೂ ಏನು ಸಂಬಂಧ?

ವೇದಾಂತಿಯನ್ನು ಕಟ್ಟಿಕೊಂಡವಳ ಮನೆಯಲ್ಲಿ ನಗೆಪಾಟಲಿಗೆ ಬರವೇ ಇರುವುದಿಲ್ಲ. ನಮ್ಮ ಯಜಮಾನರು ಪ್ರೈಮರಿ ಸ್ಕೂಲ್ ಮೇಷ್ಟ್ರು. ಹರೆಯದಲ್ಲಿ ಯಾರೋ ಸನ್ಯಾಸಿಯ ಬಾಯಿಂದ ಕೇಳಿದ ವೇದಾಂತವನ್ನು ಜೀವ ಇರುವವರೆಗೂ ಬಿಡಲಿಲ್ಲ. ಹಲ್ಲುನೋವು ಬಂದರೂ ಅದೇ, ಮಳೆಗೆ ಸೂರು ಸೋರಿದರೂ ಅದೇ. ನಾನು ಎಷ್ಟೋ ಸಲ ನಕ್ಕಿದ್ದೇನೆ. ಒಂದು ಸಲ ಮಾತ್ರ ಇನ್ನು ಕ್ಷಮಿಸುವುದೇ ಇಲ್ಲ ಅನ್ನುವಷ್ಟು ಸಿಟ್ಟಾಗಿದ್ದೆ. ಅದೂ ಇದರಲ್ಲೇ ಬರುತ್ತದೆ.

ಹಾಲು

ಆಗ ನಾವು ಕೊತ್ತತ್ತಿಯಲ್ಲಿದ್ದೆವು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, "ಸ್ವಲ್ಪ ನೋಡ್ಕಳಿ, ನೀರಿಗೋಗಿ ಬತ್ತೀನಿ" ಎಂದು ಬಿಂದಿಗೆ ಎತ್ತಿಕೊಂಡು ಹೋದೆ. ಬಂದು ನೋಡಿದರೆ ಹಾಲೆಲ್ಲ ಒಲೆಯ ಪಾಲಾಗಿದೆ. ಇವರು ಅದರ ಮುಂದೆಯೇ ಚಕ್ಕಂಬಕ್ಕಲ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ನಮ್ಮ ಒಬ್ಬಳೇ ಮಗಳು, ನಾಲ್ಕು ವರ್ಷದವಳು.

"ಕಣ್ಣೆದುರಿಗೇ ಉಕ್ತಿದ್ರೆ ಇಳಿಸಬಾರ್ದಾ?" ಅಂದೆ.

"ಉಕ್ಕೋದು ಹಾಲಿನ ಸ್ವಭಾವ ಕಣೇ. ನಾನು ಬರೀ ಸಾಕ್ಷಿ."

ನಾನು ಬಾಯಿ ತೆಗೆಯುವಷ್ಟರಲ್ಲಿ ಮಗಳು ಗಂಭೀರವಾಗಿ ಹೇಳಿದಳು: "ಅವ್ವಾ, ನಾನೂ ಸಾಕ್ಷಿ."

ಅವತ್ತು ಇಬ್ಬರು ಸಾಕ್ಷಿಗಳಿಗೂ ಬೆಲ್ಲದ ನೀರೇ ಗತಿಯಾಯಿತು.

ಬಸ್ಸು

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ. ಮದ್ದೂರಿಗೆ ಮದುವೆಗೆಂದು ಹೊರಟಿದ್ದಾಗ ಗೆಜ್ಜಲಗೆರೆ ಹತ್ತಿರದ ಏರಿನಲ್ಲಿ ನಮ್ಮ ಬಸ್ಸು ನಿಂತೇ ಹೋಯಿತು. "ಗಂಡಸ್ರೆಲ್ಲ ಇಳಿದು ನೂಕ್ರಪ್ಪೋ" ಎಂದು ಕಂಡಕ್ಟರ್ ಕೂಗಿದ. ಎಲ್ಲರೂ ಇಳಿದರು, ಇವರು ಕದಲಲಿಲ್ಲ.

"ಸೋಮಿ, ನೀವು?" ಅಂದ ಕಂಡಕ್ಟರ್.

"ನೂಕೋನು ನಾನಲ್ಲಪ್ಪ. ಆತ್ಮ ಏನನ್ನೂ ಮಾಡೋದಿಲ್ಲ."

"ಆಗ್ಲಿ ಸೋಮಿ, ಆತ್ಮ ಸೀಟಲ್ಲೇ ಕುಂತಿರ್ಲಿ. ಮೈ ಒಂದು ಇಳಿಸ್ಕೊಡಿ, ಸಾಕು."

ಅಪ್ಪ ಪಂಚೆ ಎತ್ತಿ ಕಟ್ಟಿ ಬಸ್ಸು ನೂಕಿದ್ದನ್ನು ಕಿಟಕಿಯಿಂದ ನೋಡಿದ ಮಗಳು ಮದ್ದೂರು ಬರುವವರೆಗೂ ನಗುತ್ತಲೇ ಇದ್ದಳು.

ಮುಖ

ಇಲ್ಲಿ ನಗುವಂಥದ್ದು ಏನೂ ಇಲ್ಲ. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಗದ್ದೆ ಹಸಿರಾಯಿತು, ಸೊಳ್ಳೆಯೂ ಹೆಚ್ಚಿತು. ಮಗಳಿಗೆ ಚಳಿಜ್ವರ ಬಂತು. ಕ್ವಿನೈನ್ ಕುಡಿಸಿದೆವು, ಗಾಡಿ ಕಟ್ಟಿಸಿಕೊಂಡು ಮಂಡ್ಯದ ಆಸ್ಪತ್ರೆಗೂ ಹೋದೆವು. ಉಳಿಯಲಿಲ್ಲ.

ಮಣ್ಣಿಗೆ ಎತ್ತುವ ಮುಂಚೆ ಊರವರು ಕರೆದರು: "ಬನ್ನಿ ಮೇಷ್ಟ್ರೇ, ಮಗೀನ ಮುಕ ನೋಡ್ಕಳಿ." ಇವರು ಜಗಲಿಯ ಮೇಲೆ ಗೋಡೆಯ ಕಡೆ ತಿರುಗಿ ಕೂತಿದ್ದರು. "ಅಲ್ಲಿರೋದು ಬರೀ ಮೈ, ಅವಳಲ್ಲ" ಅಂದರು. ಎದ್ದು ಬರಲಿಲ್ಲ.

ಇಷ್ಟು ವರ್ಷ ಎತ್ತಿ ಆಡಿಸಿದ ಮಗಳ ಮುಖವನ್ನು ಕೊನೆಗೊಂದು ಸಲ ನೋಡಲು ಅಡ್ಡ ಬರುವ ವೇದಾಂತ ಎಂಥ ವೇದಾಂತ! ಅಂದಿನಿಂದ ಮಾತು ಬಿಟ್ಟೆ. ಅನ್ನ ಬಡಿಸುತ್ತಿದ್ದೆ, ತಲೆ ಎತ್ತಿ ಅವರ ಮುಖ ನೋಡುತ್ತಿರಲಿಲ್ಲ.

ಎತ್ತು

ಮಾರನೆಯ ವರ್ಷ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಅಲ್ಲಿ ನಮ್ಮ ದುಃಖ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ದೊಡ್ಡ ವೇದಾಂತಿ ಅನ್ನುವುದು ಮಾತ್ರ ಬೇಗ ಗೊತ್ತಾಯಿತು. ಹಿಂದಿನ ಬೀದಿಯ ರೈತನೊಬ್ಬ ತನ್ನ ಎತ್ತು ಸತ್ತಿತೆಂದು ಊಟ ಬಿಟ್ಟು ಕೂತಿದ್ದನಂತೆ. ನಾಲ್ಕು ಸಮಾಧಾನದ ಮಾತು ಹೇಳಲಿ ಎಂದು ಅವನ ಮನೆಯವರು ಇವರನ್ನು ಕರೆದುಕೊಂಡು ಹೋದರು.

ಸಂಜೆ ಆ ರೈತನೇ ಇವರ ತೋಳು ಹಿಡಿದು ನಡೆಸಿಕೊಂಡು ಬಂದ. ಇವರ ಕಣ್ಣು ಕೆಂಪಗೆ ಊದಿಕೊಂಡಿತ್ತು. ಇವರನ್ನು ಜಗಲಿಯ ಮೇಲೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವಾ, ಮೇಷ್ಟ್ರು ಬಂದು ಕುಂತು, ಸತ್ತೋರು ಯಾರು ಅಂತ ಸುರು ಮಾಡುದ್ರು. ಅಷ್ಟೇ ಕಣವ್ವ. ಎತ್ತು ಕಟ್ತಿದ್ದ ಗೂಟ ನೋಡ್ಕಂಡು ಗೊಳೋ ಅಂತ ಅತ್ತುಬುಟ್ರು. ನಾನೇ ಎದ್ದು ನೀರು ಕೊಟ್ಟು ಸಮಾಧಾನ ಮಾಡ್ದೆ. ನನ್ನೆಂಡ್ತೀನೂ ಅಂಗೆ ಅಳ್ನಿಲ್ಲ. ಮೇಷ್ಟ್ರಿಗೂ ನಮ್ಮೆತ್ತಿಗೂ ಏನವ್ವ ಸಂಬಂಧ?"

ನನಗೆ ನಗುವೂ ಬಂತು, ಅಳುವೂ ಬಂತು. ಎಷ್ಟೋ ತಿಂಗಳ ಮೇಲೆ ತಲೆ ಎತ್ತಿ ಇವರ ಮುಖ ನೋಡಿದೆ.

"ಹತ್ತಿರದ ಸಂಬಂಧ ಕಣಪ್ಪ" ಅಂದೆ.

ರೈತ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ, ನಂಗೊತ್ತಿರ್ನಿಲ್ವಲ್ಲವ್ವ! ಗೊತ್ತಿದ್ರೆ ಮಣ್ಣು ಮಾಡೋಕೆ ಮುಂಚೇನೇ ಏಳಿ ಕಳಿಸ್ತಿದ್ದೆ. ಮುಕನಾದ್ರೂ ನೋಡ್ಕತಿದ್ರು!"